ಅಪ್ಪ ಗುರುತು ಹಿಡಿದ ಹಕ್ಕಿ

ಹೋದ ವರ್ಷ ಫೆಬ್ರವರಿಯಲ್ಲಿ ನಾನೊಂದು ಪಿಕಳಾರದ ಚಿತ್ರ ಬರೆದೆ. ಅದೇ, ತಲೆ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಬೊಟ್ಟು ಇರುವ ಹಕ್ಕಿ. ಇಂಟರ್ನೆಟ್‌ನಲ್ಲಿ ಸಿಕ್ಕ ಫೋಟೊ ಒಂದನ್ನು ಜೂಮ್ ಮಾಡಿಕೊಂಡು, ಒಂದೊಂದೇ ಗರಿ ನೋಡಿ ನೋಡಿ ಬರೆದದ್ದು. ಪಿಜಿ ರೂಮಿನಲ್ಲಿ ಮೂರು ವೀಕೆಂಡ್ ಅದಕ್ಕೇ ಹೋಯ್ತು. ಇನ್‌ಸ್ಟಾಗ್ರಾಮ್‌ಗೆ ಹಾಕಿದಾಗ ಆಫೀಸಿನ ಅರ್ಧ ಜನ "ಫೋಟೊ ಅನ್ಕೊಂಡ್ವಿ ಕಣೇ" ಅಂದರು. ನಿಜ ಹೇಳಬೇಕು ಅಂದ್ರೆ ನನಗೂ ಹಾಗೇ ಅನ್ನಿಸಿತ್ತು.

ಅದಕ್ಕೆ ಫ್ರೇಮ್ ಹಾಕಿಸಿ ಊರಿಗೆ ಒಯ್ದೆ. ನಮ್ಮೂರು ಅತ್ತಿಗುಂಡಿ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ಚಳಿ ತಡೆಯಲಾರದೆ ಬಜ್ಜಿ, ಮ್ಯಾಗಿ, ಕಾಫಿ ಅಂತ ಕಾರು ನಿಲ್ಲಿಸ್ತೀರಲ್ಲ, ಅದೇ ಊರು. ಅಪ್ಪ ಜಗಲಿ ಮೇಲೆ ಕೂತಿದ್ದರು. ಚಿತ್ರ ಕೈಗೆ ಕೊಟ್ಟೆ. ತೋಳು ಚಾಚಿ ದೂರ ಹಿಡಿದರು. ತಲೆ ಒಂದು ಕಡೆ ಓರೆ ಮಾಡಿ ನೋಡಿದರು. ಇನ್ನೊಂದು ಕಡೆ ಓರೆ ಮಾಡಿದರು.

"ಯಾವ ಹಕ್ಕಿ ಪುಟ್ಟಿ ಇದು?"

ಅಪ್ಪನ ಕಣ್ಣಿನ ವಿಷಯ ಹೇಳಬೇಕು. ಎರಡು ವರ್ಷದಿಂದ ಅವರಿಗೆ ಎದುರಿಗೆ ಇರುವುದು ಮಸುಕು. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ, ಮ್ಯಾಕ್ಯುಲರ್ ಡಿಜನರೇಶನ್ ಅಂದರು ಡಾಕ್ಟರು. ನೇರ ನೋಡಿದ ಜಾಗದಲ್ಲಿ ಹೊಗೆ ಕೂತ ಹಾಗೆ, ಅಕ್ಕಪಕ್ಕದ್ದು ಮಾತ್ರ ಕಾಣುತ್ತೆ. ಪೇಪರ್ ಓದಕ್ಕಾಗಲ್ಲ. ನನ್ನ ಮುಖ ನೋಡಬೇಕಾದ್ರೂ ನನ್ನ ಕಿವಿ ಪಕ್ಕ ನೋಡಬೇಕು. ಹಾಗಾಗಿ ಅವರಿಗೆ ಪಿಕಳಾರ ಗೊತ್ತಾಗಲಿಲ್ಲ ಅಂತ ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ಬೇಜಾರಾಗಿದ್ದು ಮಾರನೇ ದಿನ ಬೆಳಿಗ್ಗೆ. ಅದೇ ಜಗಲಿ ಮೇಲೆ ಕಾಫಿ ಕುಡಿಯುತ್ತಾ ಅಪ್ಪ ಬೇಲಿ ಕಡೆ ಕೈ ತೋರಿಸಿದರು. "ಅಗಾ, ಪಿಕಳಾರ ಬಂತು." ಮೂವತ್ತು ಅಡಿ ದೂರ! ಕೆಂಪು ಬೊಟ್ಟು ನನಗೇ ಸರಿಯಾಗಿ ಕಾಣುತ್ತಿರಲಿಲ್ಲ.

"ಅದು ಹೆಂಗೆ ಗೊತ್ತಾಯ್ತು ನಿಮಗೆ?"

"ಕೂತಿರೋದು ನೋಡು ಮಾರಾಯ್ತಿ. ಎದೆ ಎತ್ತಿ, ಜುಟ್ಟು ನೆಟ್ಟಗೆ ಮಾಡಿ ಹೆಂಗೆ ಕೂತಿದೆ. ನಿನ್ನ ಹಕ್ಕಿ ಕೂತೇ ಇಲ್ಲ. ಕೊಂಬೆಗೆ ಅಂಟಿಸಿದಂಗಿದೆ."

ಗರಿ ಒಂದೂ ಕಾಣದೆ ಅಪ್ಪ ಹಕ್ಕಿ ಗುರುತು ಹಿಡಿದರು. ಗರಿ ಎಲ್ಲ ಬರೆದೂ ನಾನು ಹಕ್ಕಿ ಬರೆದಿರಲಿಲ್ಲ. ಅವತ್ತಿನಿಂದ ನನ್ನ ಚಿತ್ರಗಳಿಗೆ ಅಪ್ಪನೇ ಪರೀಕ್ಷಕರು.

ಮೊದಲು ಕೂತ ರೀತಿ

ಹಕ್ಕಿ, ಪ್ರಾಣಿ "ನಿಜದ ಥರ" ಬರೆಯಲು ಕಲಿಯಬೇಕು ಅಂದಾಗ ನಾವು ಓಡುವುದು ವಿವರಗಳ ಹಿಂದೆ. ಗರಿ, ರೋಮ, ಕಣ್ಣಿನ ಹೊಳಪು. ಅವು ಬೇಕು, ಆದರೆ ಅವು ಕೊನೆಗೆ. ನಾನು ಈಗ ಬರೆಯೋ ಕ್ರಮ ಹೇಳ್ತೀನಿ.

ಮೊದಲ ಹತ್ತು ಸೆಕೆಂಡು ಪೆನ್ಸಿಲ್ ಮುಟ್ಟಲ್ಲ, ಸುಮ್ಮನೆ ನೋಡ್ತೀನಿ. ಆಮೇಲೆ ಒಂದೇ ಗೆರೆ: ತಲೆಯಿಂದ ಬಾಲದ ತುದಿವರೆಗೆ ಮೈ ಎಷ್ಟು ಓರೆ ಇದೆ ಅಂತ. ಕಾಜಾಣ ತಂತಿ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಕೂರುತ್ತೆ. ಮಡಿವಾಳ ಹಕ್ಕಿ ಬಾಲ ಮೇಲೆತ್ತುತ್ತೆ. ಎರಡರಲ್ಲೂ ಕಪ್ಪು ಇದೆ, ಆದರೆ ಆ ಒಂದು ಗೆರೆಯಲ್ಲೇ ಎರಡೂ ಬೇರೆ ಬೇರೆ. ಗೆರೆ ಮೇಲೆ ಮೈಗೊಂದು ಮೊಟ್ಟೆ ಆಕಾರ, ತಲೆಗೊಂದು ಸಣ್ಣ ಗುಂಡು. ಕೊಕ್ಕು ಎತ್ತ ತೋರಿಸುತ್ತಿದೆ ಅಂತ ಒಂದು ಗೀಟು. ಕಾಲು ಎಲ್ಲಿ ಊರಿದೆ ಅಂತ ಎರಡು ಗೀಟು. ಅಷ್ಟೇ. ಅರ್ಧ ನಿಮಿಷ.

ಅಷ್ಟರಲ್ಲಿ ಹಕ್ಕಿ ತಿರುಗಿಬಿಡುತ್ತೆ. ತಿರುಗಲಿ. ಅದೇ ಹಾಳೆಯಲ್ಲಿ ಪಕ್ಕದಲ್ಲೇ ಇನ್ನೊಂದು ಶುರು ಮಾಡಿ. ಅದೂ ಅರ್ಧಕ್ಕೆ ನಿಂತರೆ ಮೂರನೆಯದು. ಹಕ್ಕಿ ಮತ್ತೆ ಮೊದಲಿನ ಥರ ಕೂತಾಗ ಮೊದಲನೆಯದಕ್ಕೆ ವಾಪಸ್ ಬನ್ನಿ. ಹಕ್ಕಿಗಳಿಗೂ ನಮ್ಮ ಹಾಗೇ ಕೂರುವ ರೂಢಿಗಳಿವೆ, ಅದೇ ಭಂಗಿಗೆ ಮತ್ತೆ ಮತ್ತೆ ಬರುತ್ತವೆ. ಒಂದು ಹಾಳೆಯಲ್ಲಿ ಎಂಟು ಅರ್ಧಂಬರ್ಧ ಹಕ್ಕಿಗಳಿದ್ದರೆ ಅದು ಕೆಟ್ಟ ಹಾಳೆ ಅಲ್ಲ. ನನ್ನ ಪುಸ್ತಕದಲ್ಲಿ ಹೆಚ್ಚು ಕಲಿಸಿದ್ದು ಅಂಥ ಹಾಳೆಗಳೇ.

ಮೊಣಕಾಲು ಎಲ್ಲಿದೆ?

ನನ್ನ ಪಿಕಳಾರ ಯಾಕೆ ಅಂಟಿಸಿದ ಹಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ಕಾಲು ತಪ್ಪು ಜಾಗದಲ್ಲಿತ್ತು.

ಹಕ್ಕಿಯ ಕಾಲು ಹಿಂದಕ್ಕೆ ಮಡಚಿದ ಹಾಗೆ ಕಾಣುತ್ತಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಹೊಟ್ಟೆ ಪಕ್ಕದ ಗರಿಗಳ ಒಳಗೆ ಮುಚ್ಚಿಕೊಂಡಿರುತ್ತೆ, ಮುಂದಕ್ಕೇ ಮಡಚಿರುತ್ತೆ, ನಮ್ಮದರ ಹಾಗೆ. ಅಂದರೆ ಹಕ್ಕಿ ಯಾವಾಗಲೂ ಕುಕ್ಕರುಗಾಲಿನಲ್ಲಿ ಬೆರಳ ಮೇಲೆ ನಿಂತಿದೆ. ಮೈಯ ಭಾರ ಪಾದದ ಮೇಲೆ ಬೀಳಬೇಕು. ಬೀಳದಿದ್ದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತೆ. ನಾಯಿ, ಬೆಕ್ಕು, ಹಸುವಿನ ಹಿಂಗಾಲಿಗೂ ಇದೇ ಲೆಕ್ಕ.

ರೆಕ್ಕೆಯೂ ಅಷ್ಟೇ. ಅದು ನಮ್ಮ ತೋಳೇ: ಭುಜ, ಮೊಣಕೈ, ಮಣಿಕಟ್ಟು. ತುದಿಯ ಉದ್ದ ಗರಿಗಳು ಅಂಗೈ, ಬೆರಳಿನ ಭಾಗದಿಂದ ಹೊರಟರೆ, ಅದರ ಒಳಗಿನ ಸಾಲು ಮುಂಗೈಯಿಂದ ಹೊರಡುತ್ತೆ. ಮೇಲೆ ಮುಚ್ಚುವ ಸಣ್ಣ ಗರಿಗಳು ನಮ್ಮನೆ ಹೆಂಚಿನ ಥರ ಒಂದರ ಮೇಲೊಂದು ಸಾಲಾಗಿ ಕೂರುತ್ತವೆ. ಹೆಂಚಿನ ಮನೆ ಬರೆಯುವಾಗ ನಾವು ಹೆಂಚು ಎಣಿಸಲ್ಲ. ಸಾಲಿನ ಇಳಿಜಾರು ತೋರಿಸಿ, ಬೆಳಕು ಬೀಳುವ ಕಡೆ ನಾಲ್ಕು ಹೆಂಚು ಸರಿಯಾಗಿ ಬರೆದರೆ ಸಾಕು. ಗರಿಗೂ ಅದೇ ಸಾಕು.

ಕಣ್ಣಾರೆ ಕಂಡವರು

ಈ ಮಾತು ನನ್ನಪ್ಪನೇ ಮೊದಲು ಹೇಳಿದ್ದೇನಲ್ಲ. ಮೊಘಲ್ ಬಾದಶಹ ಜಹಾಂಗೀರನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಅಂತ ಚಿತ್ರಕಾರನಿದ್ದ. ಹಕ್ಕಿ, ಪ್ರಾಣಿ, ಹೂವು ಬರೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ಬಾದಶಹನೇ ಬಿರುದು ಕೊಟ್ಟಿದ್ದ. 1625ರ ಸುಮಾರಿನ ಡೋಡೊ ಹಕ್ಕಿಯ ಚಿತ್ರವೊಂದು ಅವನದೇ ಎನ್ನುತ್ತಾರೆ. ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಆ ಶತಮಾನ ಮುಗಿಯುವಷ್ಟರಲ್ಲಿ ಡೋಡೊ ಸಂತತಿಯೇ ಅಳಿದುಹೋಯ್ತು. ಯುರೋಪಿನ ಅನೇಕ ಚಿತ್ರಗಳಲ್ಲಿ ಡೋಡೊ ಊದಿಕೊಂಡ ಕುಂಬಳಕಾಯಿಯ ಹಾಗಿದೆ. ಅವುಗಳಲ್ಲಿ ಎಷ್ಟೋ ಸತ್ತ ಹಕ್ಕಿ ನೋಡಿಯೋ, ಇನ್ನೊಬ್ಬರ ಚಿತ್ರ ನೋಡಿಯೋ ಬರೆದವು. ಜೀವಂತ ಹಕ್ಕಿಯನ್ನು ನೋಡಿ ಬರೆದದ್ದು ಅಂತಲೇ ಈ ಮೊಘಲ್ ಚಿತ್ರಕ್ಕೆ ವಿಜ್ಞಾನಿಗಳು ಇವತ್ತಿಗೂ ಬೆಲೆ ಕೊಡ್ತಾರೆ.

ಅಮೆರಿಕದ ಆಡುಬಾನ್ 1827ರಿಂದ 1838ರವರೆಗೆ 435 ಹಕ್ಕಿಚಿತ್ರಗಳನ್ನು ಪ್ರಕಟಿಸಿದ. ಅವನು ಹಕ್ಕಿಗಳನ್ನು ಗುಂಡು ಹೊಡೆದು ತಂದು ಬರೆಯುತ್ತಿದ್ದ. ಕೇಳಿದರೆ ಸಂಕಟ ಆಗುತ್ತೆ. ಆದರೆ ಸತ್ತ ಹಕ್ಕಿ ಕೈಯಲ್ಲೇ ಇದ್ದರೂ ಅವನಿಗೆ ಸಾಲಲಿಲ್ಲ. ಜೀವ ಇದ್ದಾಗ ಹೇಗೆ ಕೂತಿತ್ತೋ ಹಾಗೆ ನಿಲ್ಲಿಸಲು ತಂತಿ ಚುಚ್ಚಿ ಹಲಗೆಗೆ ಕಟ್ಟುತ್ತಿದ್ದ. ಗರಿ ಎಲ್ಲ ಎದುರಿಗಿದ್ದರೂ ಹುಡುಕುತ್ತಿದ್ದದ್ದು ಅದೇ, ಕೂತ ರೀತಿ.

ನಮ್ಮ ಜಿಲ್ಲೆಯಲ್ಲೇ ನೆಲೆಸಿದ್ದ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳ ಫೋಟೊಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಆ ಕಾಯುವಿಕೆ ಇಲ್ಲದೆ ಸಿಕ್ಕ ಇನ್ನೊಬ್ಬರ ಫೋಟೊ ನಕಲು ಮಾಡಿದ್ದು ನನ್ನ ತಪ್ಪು. ಫೋಟೊ ನೋಡಲೇಬಾರದು ಅಂತ ನಾನು ಹೇಳಲ್ಲ. ಮೊದಲು ಹಕ್ಕಿ ನೋಡಿ, ಆಮೇಲೆ ಅನುಮಾನ ಬಂದ ಕಡೆ ಫೋಟೊ ನೋಡಿ.

ಡಿಕಾಕ್ಷನ್ ಕಾಟಿ

ಪ್ರಾಣಿಗಳಿಗೆ ಬಂದರೆ, ಶುರು ಮಾಡಿದ್ದು ನಮ್ಮನೆ ಬೆಕ್ಕಿನಿಂದ. ಮಲಗಿದ್ದಾಗ ಬರೆಯುವುದು ಸುಲಭ, ಅದು ಹೆಚ್ಚು ಹೊತ್ತು ಮಲಗೇ ಇರುತ್ತೆ ಬೇರೆ. ಆಮೇಲೆ ಮೆಲುಕು ಹಾಕುವ ಹಸು. ಕೊನೆಗೆ ಕಾಟಿ.

ಒಂದು ಸಂಜೆ ತೋಟದ ಆಚೆ ಕಾಟಿ ಬಂದಿತ್ತು. ನಾನು ಜೀಪಿನಿಂದ ಇಳಿಯಲಿಲ್ಲ. ನೀವೂ ಇಳಿಯಬೇಡಿ, ಯಾವ ಚಿತ್ರಕ್ಕೂ ಆ ಬೆಲೆ ಇಲ್ಲ. ಗಂಡು ಕಾಟಿಯ ಬೆನ್ನ ಮೇಲೆ ಭುಜದಿಂದ ಒಂದು ದಿಣ್ಣೆ ಹೊರಟು ನಡುಬೆನ್ನಿನಲ್ಲಿ ತಟ್ಟನೆ ಇಳಿಯುತ್ತೆ. ಆ ಇಳಿತವೇ ಕಾಟಿ. ಅದು ಬರದಿದ್ದರೆ ಬಿಳಿ ಕಾಲುಚೀಲ ಎಷ್ಟು ಚೆಂದ ಬರೆದರೂ ಅದು ದಪ್ಪ ಎಮ್ಮೆ. ಬಣ್ಣದ ಪೆಟ್ಟಿಗೆ ಬೆಂಗಳೂರಲ್ಲೇ ಮರೆತಿದ್ದೆ. ಅಡುಗೆಮನೆಯಿಂದ ಡಿಕಾಕ್ಷನ್ ತಂದು ಬ್ರಶ್‌ನಲ್ಲಿ ಹಚ್ಚಿದೆ. ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು, ನೆರಳಿರುವ ಕಡೆ ಮೂರನೆಯದು. ಕಾಟಿಯ ಮೈಬಣ್ಣಕ್ಕೆ ಇದಕ್ಕಿಂತ ಹತ್ತಿರದ್ದು ಇಲ್ಲ. ಸಕ್ಕರೆ ಹಾಕಿದ ಕಾಫಿ ಮಾತ್ರ ಬೇಡ, ಹಾಳೆ ಅಂಟಾಗುತ್ತೆ, ಇರುವೆ ಬರುತ್ತೆ.

ಅಪ್ಪನಿಗೆ ತೋರಿಸಿದೆ. ತಲೆ ಓರೆ ಮಾಡಿದರು. "ಕಾಟಿ. ಮುದಿ ಗಂಡು." ಆ ವರ್ಷ ಪಾಸಾದ ಮೊದಲ ಚಿತ್ರ ಅದು.

ನೀಲಿ ಎಲ್ಲಿ ಹೋಯ್ತು?

ಪಾಸಾಗದೆ ಸತಾಯಿಸಿದ್ದು ಶಿಳ್ಳೆ ಹಕ್ಕಿ, ಮಲಬಾರ್ ವಿಸ್ಲಿಂಗ್ ಥ್ರಷ್. ಅಪ್ಪನಿಗೆ ಅತಿ ಇಷ್ಟದ ಹಕ್ಕಿ. ಮಳೆಗಾಲದಲ್ಲಿ ಇನ್ನೂ ಕತ್ತಲಿರುವಾಗ, ಯಾರೋ ಹುಡುಗ ಏನೋ ಯೋಚಿಸುತ್ತಾ ಶಿಳ್ಳೆ ಹಾಕಿಕೊಂಡು ಹೋಗುವ ಹಾಗೆ ಹಳ್ಳದ ಕಡೆಯಿಂದ ಕೇಳುತ್ತೆ. ಬಂಡೆಯಿಂದ ಬಂಡೆಗೆ ಕುಪ್ಪಳಿಸುತ್ತಾ ತಿರುಗುತ್ತೆ. ಹೊನ್ನಮ್ಮನ ಹಳ್ಳದಲ್ಲಿ ಟೂರಿಸ್ಟ್‌ಗಳು ಬರುವ ಮುಂಚೆ, ಬೆಳಿಗ್ಗೆ ಆರಕ್ಕೆ ಹೋದರೆ ಕಾಣುವ ಭಾಗ್ಯ ಇರುತ್ತೆ.

ನೋಡಲು ಬರೀ ಕಪ್ಪು. ಬಿಸಿಲು ಬಿದ್ದ ಗಳಿಗೆಯಲ್ಲಿ ಮಾತ್ರ ಹಣೆ, ಭುಜದ ಮೇಲೆ ನೀಲಿ ಮಿಂಚುತ್ತೆ. ಈ ನೀಲಿ ಬಣ್ಣದ ಪುಡಿ ಅಲ್ಲ. ನವಿಲಿನಲ್ಲಿ, ಮಿಂಚುಳ್ಳಿಯಲ್ಲಿ ಇರುವ ಹಾಗೆ ಗರಿಯ ಅತಿ ಸಣ್ಣ ರಚನೆಯಿಂದ ಬೆಳಕು ಚದುರಿ ಹುಟ್ಟುವ ನೀಲಿ. ಬೆಳಕು ಇಲ್ಲದಿದ್ದರೆ ನೀಲಿಯೂ ಇಲ್ಲ. ನಾನು ಡಬ್ಬಿಯ ನೀಲಿ ತೆಗೆದು ಮೈತುಂಬಾ ಬಳಿಯುತ್ತಿದ್ದೆ, ಪ್ಲಾಸ್ಟಿಕ್ ಗೊಂಬೆಯಾಗುತ್ತಿತ್ತು. ಈಗ ಅಲ್ಟ್ರಾಮರೀನ್ ಬ್ಲೂಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಜೀವವಿರುವ ಕಪ್ಪು ಮಾಡ್ಕೋತೀನಿ. ಬೆಳಕು ಬೀಳುವ ಜಾಗದಲ್ಲಷ್ಟೇ ನೀಲಿ ಉಳಿಸ್ತೀನಿ.

ಆದರೂ ಅಪ್ಪ ಹನ್ನೊಂದು ಸಲ ಫೇಲ್ ಮಾಡಿದರು. "ಕಾಗೆನಾ?" ಅಂದದ್ದೂ ಉಂಟು. ನನಗೆ ಒಳಗೊಳಗೇ ಅವಸರ. ಪ್ರತಿ ಸಲ ಊರಿಗೆ ಹೋದಾಗ ಅವರು ತಲೆ ಮೊದಲಿಗಿಂತ ಸ್ವಲ್ಪ ಜಾಸ್ತಿ ಓರೆ ಮಾಡುತ್ತಿದ್ದರು. ಅದನ್ನು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಊರಿಲ್ಲದವರಿಗೆ

"ನಮಗೆ ಅತ್ತಿಗುಂಡಿ ಇಲ್ವಲ್ಲ" ಅಂತ ನೀವು ಕೇಳ್ತೀರಿ. ವಾರದ ಐದು ದಿನ ನನಗೂ ಇಲ್ಲ. ಆಫೀಸಿನ ಟೆರೇಸ್ ಮೇಲೆ ಹದ್ದು ಸುತ್ತುತ್ತೆ. ಬಾಲದ ತುದಿ ಸ್ವಲ್ಪ ಸೀಳಿದ್ದರೆ ಹದ್ದು, ಬಾಲ ದುಂಡಗಿದ್ದು ತಲೆ ಬಿಳಿ, ಮೈ ಕೆಂಚು ಇದ್ದರೆ ಗರುಡ. ಕಾಗೆ, ಪಾರಿವಾಳ ಎಲ್ಲ ಕಡೆ ಇವೆ. ಭಾನುವಾರ ಲಾಲ್‌ಬಾಗ್ ಕೆರೆ ದಂಡೆ. ಒಂದು ದಿನ ಬಿಡುವಾದರೆ ರಂಗನತಿಟ್ಟು. ಗೂಡು ಕಟ್ಟುವ ಕಾಲದಲ್ಲಿ ಕೊಕ್ಕರೆಗಳು ಹೊಸಬರಿಗೆ ಬೇಕಾದಷ್ಟು ಹೊತ್ತು ಕೂತಿರುತ್ತವೆ. ಪಾಕೆಟ್ ಸೈಜಿನ ಪುಸ್ತಕ, ಒಂದು 2ಬಿ ಪೆನ್ಸಿಲ್ ಸಾಕು. ದಿನಕ್ಕೆ ಹತ್ತು ನಿಮಿಷ. ರಬ್ಬರ್ ಮನೆಯಲ್ಲೇ ಬಿಡಿ, ಅಳಿಸುವಷ್ಟರಲ್ಲಿ ಹಕ್ಕಿ ಹಾರಿರುತ್ತೆ. ಬರೆದದ್ದನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ. ವಿವರ ಅಳಿದ ಮೇಲೂ ಅದು ಅದೇ ಹಕ್ಕಿ ಅನ್ನಿಸಿದರೆ ಮಾತ್ರ ಗರಿ ಬರೆಯಲು ಕೂರಿ.

ಹನ್ನೆರಡನೆಯದು

ಈ ಜೂನ್‌ನಲ್ಲಿ ಊರಿಗೆ ಹೋಗಿದ್ದೆ. ಬೆಳಿಗ್ಗೆ ಹಳ್ಳಕ್ಕೆ ಹೋದಾಗ ಹಕ್ಕಿ ಬಂಡೆ ಮೇಲೆ ಕಾಣಿಸಿತು. ಬರೆಯಲು ಶುರು ಮಾಡಿ ಎರಡು ನಿಮಿಷ ಆಗಿಲ್ಲ, ಮಳೆ ಹಿಡಿಯಿತು. ಮಂಜು ಬೇರೆ. ದಪ್ಪ ಬ್ರಶ್‌ನಲ್ಲಿ ಮೈಗೊಂದು, ತಲೆಗೊಂದು, ಬಾಲಕ್ಕೊಂದು ಅಂತ ಮೂರು ಸಲ ಎಳೆದು ಪುಸ್ತಕ ಮುಚ್ಚಿ ಓಡಿದೆ. ಮಳೆಗಾಲದ ನಮ್ಮೂರಲ್ಲಿ ಹಾಳೆ ಒಣಗಲ್ಲ, ಒಲೆ ಹತ್ತಿರ ಇಟ್ಟಿದ್ದೆ. ತೋರಿಸುವ ಚಿತ್ರವೇ ಅಲ್ಲ ಅದು.

ಅಪ್ಪ ಬೆಂಕಿ ಕಾಯಿಸಲು ಬಂದವರು ತಾವೇ ಎತ್ತಿಕೊಂಡರು. ತೋಳು ಚಾಚಿದರು. ತಲೆ ಓರೆ ಮಾಡಿದರು.

"ಶಿಳ್ಳೆ ಹಕ್ಕಿ. ಬಂಡೆಯಿಂದ ಕೆಳಗೆ ಇಳಿಯಕ್ಕೆ ನೋಡ್ತಿದೆ."

ನನಗೆ ಮಾತೇ ಹೊರಡಲಿಲ್ಲ. ಅವರು ಇನ್ನೂ ನೋಡುತ್ತಲೇ ಇದ್ದರು.

"ನೀಲಿ ಎಲ್ಲಿ ಪುಟ್ಟಿ? ನಂಗೆ ಕಾಣ್ತಿಲ್ವೋ, ನೀನೇ ಹಾಕಿಲ್ವೋ?"

"ಹಾಕಿಲ್ಲ ಅಪ್ಪ. ಮೋಡ ಇತ್ತು."

"ಹಂಗಾದ್ರೆ ಸರಿ" ಅಂದರು.