ಮುಚ್ಚಿದ ಆಟದಲ್ಲಿ ಉಳಿದದ್ದು

ಸ್ಟಾರ್ಟಪ್ ಎಂದಕೂಡಲೇ ನಾವು ಕೇಳುವುದು, "ಎಷ್ಟು ಕೋಟಿಗೆ ಮಾರಿದರು?" ಕೆನಡಾದ ಸ್ಟೀವರ್ಟ್ ಬಟರ್‌ಫೀಲ್ಡ್ ಅವರ ಸ್ಲ್ಯಾಕ್ 2021ರಲ್ಲಿ ಸುಮಾರು 2,770 ಕೋಟಿ ಡಾಲರ್‌ಗೆ ಸೇಲ್ಸ್‌ಫೋರ್ಸ್ ಪಾಲಾಯಿತು. ಆದರೆ ಅವರು ಮಾಡಲು ಹೊರಟದ್ದು ಒಂದು ಆನ್‌ಲೈನ್ ಆಟ!

ಅವರು ಓದಿದ್ದು ತತ್ವಶಾಸ್ತ್ರ. ಮೊದಲ ಆಟ ನಿಂತುಹೋಯಿತು. ಅದಕ್ಕಾಗಿ ಮಾಡಿದ ಕೆಲಸದಿಂದ 2004ರಲ್ಲಿ ಫೋಟೋ ಹಂಚುವ ಫ್ಲಿಕರ್ ಹುಟ್ಟಿತು; ಮರುವರ್ಷ ಅದನ್ನು ಯಾಹೂ ಕೊಂಡಿತು. ಮತ್ತೆ ಆಟಕ್ಕೇ ಕೈಹಾಕಿದರು. ಆ 'ಗ್ಲಿಚ್' ಕೂಡ 2012ರಲ್ಲಿ ಮುಚ್ಚಿತು. ಬೇರೆ ಬೇರೆ ಊರಿನಲ್ಲಿದ್ದ ತಂಡದವರು ತಮ್ಮತಮ್ಮಲ್ಲೇ ಮಾತಾಡಲು ಮಾಡಿಕೊಂಡಿದ್ದ ವ್ಯವಸ್ಥೆಯೇ ಮುಂದೆ ಸ್ಲ್ಯಾಕ್ ಆಯಿತು.

ಹಾಗೆಂದು "ಸೋತರೇನು, ಮತ್ತೆ ಏಳು" ಎಂದು ಸುಲಭವಾಗಿ ಹೇಳುವುದು ಸರಿಯಲ್ಲ. ಗ್ಲಿಚ್ ಮುಚ್ಚಿದಾಗ ಹಲವರ ಕೆಲಸ ಹೋಯಿತು. ಅವರಿಗೆ ಬೇರೆ ಕೆಲಸ ಹುಡುಕಿಕೊಡಲು ಕಂಪನಿಯೇ ಮುಂದಾಯಿತು. ಮತ್ತೆ ಪ್ರಯತ್ನಿಸಲು ಬಟರ್‌ಫೀಲ್ಡ್ ಬಳಿ ಹೂಡಿಕೆದಾರರ ಹಣ ಉಳಿದಿತ್ತು. ನಮ್ಮಲ್ಲಿ ಅನೇಕರ ಮನೆಯಲ್ಲಿ ಅಷ್ಟು ಆಸರೆ ಇಲ್ಲ.

ಆದರೂ ಒಂದು ಮಾತು ನಮಗೂ ಸಲ್ಲುತ್ತದೆ. ಸಿಇಟಿಯಲ್ಲಿ ಬಯಸಿದ ಸೀಟು ಸಿಗದಿದ್ದರೆ "ಎರಡು ವರ್ಷ ದಂಡವಾಯಿತು" ಎನ್ನುತ್ತೇವೆ. ಗೆಳೆಯರೇ, ಸೀಟು ಕೈತಪ್ಪಬಹುದು, ಕಲಿತದ್ದು ಕೈಯಲ್ಲೇ ಇರುತ್ತದೆ. ಮುಂದಿನ ಅರ್ಜಿ ತುಂಬುವ ಮೊದಲು ಅದನ್ನು ಲೆಕ್ಕ ಹಾಕೋಣ.