ಮನೆಯೊಳಗಣ ಗಾಳಿ

ಅಕ್ಕಿಯನ್ನು ಕೊಳ್ಳುವಾಗ ನಾವು ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ನೋಡುತ್ತೇವೆ. ಹಾಲಿಗೆ ನೀರು ಬೆರೆತಿದೆಯೆಂಬ ಸಂಶಯ ಬಂದರೆ ಡೇರಿಯವರು ಲ್ಯಾಕ್ಟೋಮೀಟರನ್ನು ಇಳಿಬಿಟ್ಟು ನೋಡುತ್ತಾರೆ. ಚಿನ್ನವನ್ನು ಒರೆಗಲ್ಲಿಗೆ ಹಚ್ಚದೆ ಅಕ್ಕಸಾಲಿಗನು ಅದಕ್ಕೆ ಬೆಲೆ ಕಟ್ಟುತ್ತಿರಲಿಲ್ಲ. ಹೊಸದಾಗಿ ಕೊರೆಸಿದ ಕೊಳವೆಬಾವಿಯ ನೀರನ್ನು ಕುಡಿಯುವ ಮೊದಲು ಪ್ರಯೋಗಶಾಲೆಗೆ ಕಳುಹಿಸುವ ರೂಢಿಯೂ ಈಚೆಗೆ ಬೆಳೆದುಬಂದಿದೆ. ಆದರೆ ಇವೆಲ್ಲಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ನಾವು ದಿನವೂ ನಮ್ಮೊಳಕ್ಕೆ ತೆಗೆದುಕೊಳ್ಳುವ ವಸ್ತುವೊಂದಿದೆ. ಅದು ಗಾಳಿ. ಪ್ರಾಯದ ಮನುಷ್ಯನು ದಿನವೊಂದಕ್ಕೆ 10,000 ಲೀಟರಿಗೂ ಮಿಕ್ಕಿ ಗಾಳಿಯನ್ನು ಉಸಿರಾಡುತ್ತಾನೆ. ಹೊಲಗದ್ದೆಗಳಲ್ಲಿ ದುಡಿಯುವವರನ್ನು ಬಿಟ್ಟರೆ, ಉಳಿದವರು ಅದರ ಬಹುಭಾಗವನ್ನು ಸೇವಿಸುವುದು ಮನೆ, ಶಾಲೆ, ಕಚೇರಿ, ಅಂಗಡಿಗಳ ನಾಲ್ಕು ಗೋಡೆಗಳ ನಡುವೆ. ಹೀಗಿದ್ದರೂ ಆ ಗಾಳಿಯನ್ನು ಪರೀಕ್ಷಿಸಬೇಕೆಂಬ ಯೋಚನೆಯೇ ನಮ್ಮಲ್ಲಿ ಹೆಚ್ಚಿನವರಿಗೆ ಬಂದಿಲ್ಲ.

ಇದಕ್ಕೆ ಕಾರಣವಿಲ್ಲದಿಲ್ಲ. ಹೊಗೆ, ಧೂಳು, ದುರ್ವಾಸನೆಗಳೆಲ್ಲ ಬೀದಿಯ ಸೊತ್ತು, ಮನೆಯು ಅವುಗಳಿಂದ ತಪ್ಪಿಸಿಕೊಳ್ಳುವ ಆಶ್ರಯ ಎಂದು ನಾವು ಭಾವಿಸಿದ್ದೇವೆ. ಗೋಡೆಯು ಹೊರಗಿನದನ್ನು ತಡೆಯುವುದೇನೋ ನಿಜ. ಆದರೆ ಒಳಗಿನದನ್ನು ಹೊರಹೋಗದಂತೆ ಹಿಡಿದಿಡುವುದೂ ಅದೇ ಗೋಡೆ. ಒಲೆಯ ಹೊಗೆ, ಒಗ್ಗರಣೆಯ ಘಾಟು, ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿಗಳ ಧೂಮ, ಹೊಸ ಬಣ್ಣದಿಂದಲೂ ಪ್ಲೈವುಡ್ಡಿನ ಪೀಠೋಪಕರಣಗಳಿಂದಲೂ ಹೊರಡುವ ಆವಿ, ಮಳೆಗಾಲದಲ್ಲಿ ಒದ್ದೆ ಗೋಡೆಯ ಮೇಲೆ ಬೆಳೆಯುವ ಬೂಷ್ಟು, ಕೊನೆಗೆ ನಾವೇ ಬಿಡುವ ಉಸಿರು—ಇವೆಲ್ಲ ಮನೆಯೊಳಗೆ ಹುಟ್ಟಿ, ದಾರಿ ಸಿಗದಿದ್ದರೆ ಅಲ್ಲಿಯೇ ಉಳಿಯುತ್ತವೆ. ನಮ್ಮ ಮೂಗಾದರೋ ನಂಬಿಕೆಗೆ ಅರ್ಹವಾದ ಕಾವಲುಗಾರನಲ್ಲ. ಹೊರಗಿನಿಂದ ಬಂದವರಿಗೆ ತಟ್ಟನೆ ತಿಳಿಯುವ ವಾಸನೆಯು ಒಳಗೇ ಕುಳಿತವರಿಗೆ ಕೆಲವು ನಿಮಿಷಗಳಲ್ಲಿ ತಿಳಿಯದಂತಾಗುತ್ತದೆ. ಕೆಲವು ವಿಷಗಳಿಗಂತೂ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕಣ್ಣು ಮೂಗುಗಳನ್ನು ನಂಬದೆ ಒಳಗಿನ ಗಾಳಿಯನ್ನು ಅಳೆದು ನೋಡಬೇಕೆಂದು ಹೊರಟವರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ ಪ್ರಮುಖನು. ಉಸಿರನ್ನು ಊದಿದರೆ ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗುವುದನ್ನು ವಿಜ್ಞಾನದ ತರಗತಿಯಲ್ಲಿ ನೀವು ಕಂಡಿರಬಹುದು. ಇದಕ್ಕೆ ಹತ್ತಿರದ ತತ್ತ್ವವನ್ನೇ ಬಳಸಿ ಅವನು ಕೊಠಡಿಗಳ ಗಾಳಿಯಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಇದೆಯೆಂಬುದನ್ನು ಲೆಕ್ಕ ಹಾಕಿದನು. ಸಾವಿರ ಭಾಗ ಗಾಳಿಯಲ್ಲಿ ಈ ಅನಿಲವು ಒಂದು ಭಾಗವನ್ನು ಮೀರಿದರೆ ಆ ಕೊಠಡಿಯ ಗಾಳಿ ಹಳಸಿದೆಯೆಂದು ತಿಳಿಯಬೇಕು ಎಂದು 1858ರಲ್ಲಿ ಅವನು ಸಾರಿದನು. ಅಷ್ಟು ಅಲ್ಪ ಪ್ರಮಾಣದಲ್ಲಿ ಆ ಅನಿಲವೇ ವಿಷವೆಂಬುದು ಅವನ ಮಾತಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಮತ್ತೊಬ್ಬರು ಸೇವಿಸುತ್ತಿದ್ದಾರೆ ಎಂಬುದಕ್ಕೆ ಅದು ಗುರುತು. ಈ ಗುರುತನ್ನು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಕೋವಿಡ್ ಪಿಡುಗಿನ ಕಾಲದಲ್ಲಿ, 2021ರಲ್ಲಿ, ಇಂಗ್ಲೆಂಡಿನ ಸರ್ಕಾರವು ಶಾಲೆಗಳಿಗೆ ಸುಮಾರು 3 ಲಕ್ಷ ಇಂಗಾಲದ ಡೈಆಕ್ಸೈಡ್ ಮಾಪಕಗಳನ್ನು ಹಂಚಲು ಮುಂದಾದುದು ಇದೇ ಕಾರಣದಿಂದ. ಮಾಪಕದ ಅಂಕಿ ಏರಿದರೆ ಕಿಟಕಿ ತೆರೆಯಬೇಕು. ಅದರ ಉಪದೇಶ ಅಷ್ಟು ಸರಳವಾದುದು.

ವಾಸನೆಯಿಲ್ಲದ ವಿಷಕ್ಕೆ ಇಂಗಾಲದ ಮಾನಾಕ್ಸೈಡ್ ಒಳ್ಳೆಯ ಉದಾಹರಣೆ. ಅರೆಬರೆ ಉರಿಯುವ ಇದ್ದಿಲು, ಸೌದೆ, ಅನಿಲಗಳಿಂದ ಅದು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಈ ವಿಷದಿಂದ ಕಾರ್ಮಿಕರು ಸಾಯುತ್ತಿದ್ದುದನ್ನು ಕಂಡು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ 19ನೆಯ ಶತಮಾನದ ಕೊನೆಯಲ್ಲಿ ಒಂದು ಉಪಾಯವನ್ನು ಸೂಚಿಸಿದನು. ಪಂಜರದ ಪುಟ್ಟ ಕ್ಯಾನರಿ ಹಕ್ಕಿಯನ್ನು ಗಣಿಯೊಳಕ್ಕೆ ಒಯ್ದರೆ, ಮನುಷ್ಯನಿಗಿಂತ ಮೊದಲೇ ಅದು ತತ್ತರಿಸಿ ಅಪಾಯವನ್ನು ತಿಳಿಸುತ್ತದೆ. 1986ರಲ್ಲಿ ವಿದ್ಯುನ್ಮಾನ ಉಪಕರಣಗಳು ಆ ಹಕ್ಕಿಗಳಿಗೆ ಬಿಡುಗಡೆ ನೀಡಿದವು. ಗಣಿಯ ಮಾತು ನಮಗೇಕೆ ಎನ್ನುವಂತಿಲ್ಲ. ಚಳಿಯ ದಿನಗಳಲ್ಲಿ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನು ಬಳಿಯಲ್ಲಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೆಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಅನಿಲದ ಗೀಸರನ್ನು ಉರಿಸಿ ಪ್ರಾಣ ಕಳೆದುಕೊಂಡವರೂ ಉಂಟು. ಅವರಲ್ಲಿ ಯಾರಿಗೂ ತಾವು ವಿಷವನ್ನು ಸೇವಿಸುತ್ತಿದ್ದೇವೆಂಬ ಸುಳಿವೇ ಸಿಕ್ಕಿರಲಿಲ್ಲ.

ಇನ್ನೊಂದು ಪ್ರಸಂಗವನ್ನು ನೋಡೋಣ. 1984ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿಮರಿಕ್ ಪರಮಾಣು ಸ್ಥಾವರದಲ್ಲಿ ಎಂಜಿನಿಯರೊಬ್ಬನು ವಿಕಿರಣವನ್ನು ಪತ್ತೆಹಚ್ಚುವ ದ್ವಾರದ ಮೂಲಕ ಹಾದುಹೋದಾಗ ಎಚ್ಚರಿಕೆಯ ಗಂಟೆ ಮೊಳಗಿತು. ಸ್ಥಾವರವು ವಿದ್ಯುತ್ತಿನ ಉತ್ಪಾದನೆಯನ್ನು ಆಗಿನ್ನೂ ಆರಂಭಿಸಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು ವಿಚಿತ್ರ ಸಂಗತಿ: ಅವನು ವಿಕಿರಣವನ್ನು ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದನು! ಅವನ ಮನೆಯಡಿಯ ನೆಲದಲ್ಲಿದ್ದ ಯುರೇನಿಯಮ್ಮಿನಿಂದ ಹುಟ್ಟಿದ ರೇಡಾನ್ ಅನಿಲವು ಬಿರುಕುಗಳ ಮೂಲಕ ಒಳನುಗ್ಗಿ ತುಂಬಿಕೊಂಡಿತ್ತು. ಆ ದೇಶದವರು ಮುಂದೆ ಕ್ರಮ ಕೈಗೊಳ್ಳಬೇಕೆಂದು ಗೊತ್ತುಮಾಡಿದ ಮಿತಿಗಿಂತ ಅದು 600 ಪಟ್ಟಿಗೂ ಹೆಚ್ಚಾಗಿತ್ತು. ರೇಡಾನ್ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಅನಿಲ. ಆ ಮನೆಯವರು ಎಷ್ಟೇ ಶುಚಿಯಾಗಿ ಬಾಳಿದ್ದರೂ ಉಪಕರಣದ ನೆರವಿಲ್ಲದೆ ಅದನ್ನು ಅರಿಯುವುದು ಅವರಿಗೆ ಸಾಧ್ಯವಿರಲಿಲ್ಲ.

ಹಾಗಾದರೆ ಪರಿಣತರು ಈ ಪರೀಕ್ಷೆಯನ್ನು ನಡೆಸುವ ಬಗೆ ಯಾವುದು? ಅವರು ಮೊದಲು ತೆರೆಯುವುದು ಉಪಕರಣದ ಪೆಟ್ಟಿಗೆಯನ್ನಲ್ಲ, ಪ್ರಶ್ನೆಗಳ ಪಟ್ಟಿಯನ್ನು. ಮನೆಯಲ್ಲಿ ಏನನ್ನು ಉರಿಸುತ್ತೀರಿ? ತಲೆನೋವು, ಕೆಮ್ಮು, ಕಣ್ಣುರಿಗಳು ಯಾವ ಹೊತ್ತಿನಲ್ಲಿ, ಯಾವ ಕೊಠಡಿಯಲ್ಲಿ ಕಾಣಿಸಿಕೊಳ್ಳುತ್ತವೆ? ಹೊರಗೆ ಹೋದರೆ ಕಡಿಮೆಯಾಗುತ್ತವೆಯೆ? ಆಮೇಲೆ ಉಪಕರಣಗಳನ್ನು ಕುಳಿತವರ ಮೂಗಿನ ಎತ್ತರಕ್ಕೆ ಇಟ್ಟು, ಅಡಿಗೆಯ ಹೊತ್ತಿನಲ್ಲಿಯೂ ಬಿಡುವಿನ ಹೊತ್ತಿನಲ್ಲಿಯೂ ಅಳೆಯುತ್ತಾರೆ. ಹೊರಗಿನ ಗಾಳಿಯನ್ನೂ ಜೊತೆಯಲ್ಲಿಯೇ ಅಳೆಯದಿದ್ದರೆ ದೋಷವು ಮನೆಯದೋ ಬೀದಿಯದೋ ತಿಳಿಯದು. ಸೂಕ್ಷ್ಮಕಣಗಳನ್ನು ಅಳೆಯುವ ಕ್ರಮ ಸ್ವಾರಸ್ಯವಾದುದು. ಒಂದು ಸೋಸುಹಾಳೆಯನ್ನು ಮೊದಲು ತೂಗಿ, ಗೊತ್ತಾದ ವೇಗದಲ್ಲಿ ಅದರ ಮೂಲಕ ಗಾಳಿಯನ್ನು ಸೆಳೆದು, ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕವೇ ಆ ಗಾಳಿಯಲ್ಲಿದ್ದ ಕಣಗಳ ತೂಕ. ಇವುಗಳಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣವು ಹೆಚ್ಚು ಅಪಾಯಕರ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗದಷ್ಟಿರುವ ಇವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಹೀಗೆ ದೊರೆತ ಅಂಕಿಗಳನ್ನು ಮಾನ್ಯವಾದ ಮಿತಿಗಳೊಡನೆ ಹೋಲಿಸಿ, ದೋಷದ ಮೂಲವನ್ನು ಹುಡುಕಿ ಹೇಳುವುದೇ ನಿಜವಾದ ಪರೀಕ್ಷೆ.

ಪಶ್ಚಿಮದ ದೇಶಗಳಲ್ಲಿ ಈ ವೃತ್ತಿ ಬೆಳೆದದ್ದು ಒಂದು ಸಂಕಟದಿಂದ. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ, ಇಂಧನವನ್ನು ಉಳಿಸಲೆಂದು ಅಲ್ಲಿ ಕಟ್ಟಡಗಳ ಸಂದುಗೊಂದುಗಳನ್ನೆಲ್ಲ ಮುಚ್ಚಿದರು. ಹೊರಗಿನ ಗಾಳಿಯನ್ನು ಒಳಕ್ಕೆ ತರುವುದನ್ನು ಕಡಿಮೆ ಮಾಡಿದರು. ಕೆಲವು ವರ್ಷಗಳಲ್ಲಿಯೇ ಅಂಥ ಕಚೇರಿಗಳ ನೌಕರರು ತಲೆನೋವು, ಕಣ್ಣುರಿ, ಆಯಾಸಗಳೆಂದು ದೂರತೊಡಗಿದರು. 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಸ್ಥಿತಿಯನ್ನು ಗಮನಕ್ಕೆ ತೆಗೆದುಕೊಂಡಿತು. ಕಾಯಿಲೆ ಬಿದ್ದದ್ದು ಮನುಷ್ಯನಲ್ಲ, ಕಟ್ಟಡವೇ ಎಂಬ ಹೊಸ ಕಲ್ಪನೆ ಹುಟ್ಟಿತು. ಇಂದು ನಮ್ಮ ಬೆಂಗಳೂರು, ದೆಹಲಿಗಳಂಥ ನಗರಗಳಲ್ಲಿಯೂ ಕಿಟಕಿಯೇ ತೆರೆಯದ ಗಾಜಿನ ಕಟ್ಟಡಗಳೆದ್ದಿವೆ. ಅವುಗಳ ಒಡೆಯರಲ್ಲಿ ಕೆಲವರು ಹಣ ತೆತ್ತು ಗಾಳಿಯ ಪರೀಕ್ಷೆಯನ್ನು ಮಾಡಿಸುತ್ತಿದ್ದಾರೆ. ಅದು ಸರಿಯೆ. ಆದರೆ ಪರೀಕ್ಷೆಯು ಅಲ್ಲಿಗೇ ನಿಂತರೆ ಅದು ನ್ಯಾಯವಾಗಲಾರದು. ಏಕೆಂದರೆ ನಮ್ಮ ದೇಶದಲ್ಲಿ ಅತ್ಯಂತ ಕೆಟ್ಟ ಗಾಳಿಯಿರುವುದು ಆ ಗಾಜಿನ ಕಟ್ಟಡಗಳಲ್ಲಲ್ಲ. ಸೌದೆ, ಬೆರಣಿ ಉರಿಯುವ ಅಡಿಗೆಮನೆಗಳಲ್ಲಿ.

ಈ ಸತ್ಯವು ಅಂಕಿಯಾಗಿ ಜಗತ್ತಿಗೆ ತಿಳಿದದ್ದೂ ನಮ್ಮ ದೇಶದ ಹಳ್ಳಿಗಳಿಂದಲೇ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯೂ ಭಾರತೀಯ ಸಹೋದ್ಯೋಗಿಗಳೂ ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ, ಒಲೆಯ ಮುಂದೆ ಕುಳಿತ 36 ಮಹಿಳೆಯರು ಉಸಿರಾಡುತ್ತಿದ್ದ ಗಾಳಿಯನ್ನು ಅಳೆದರು. 1983ರಲ್ಲಿ ಪ್ರಕಟವಾದ ಅವರ ವರದಿಯಂತೆ, ಅಡಿಗೆಯ ವೇಳೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ 7 ಮಿಲಿಗ್ರಾಮಿನಷ್ಟು ಕಣಗಳಿದ್ದವು. 2009ರಲ್ಲಿ ನಮ್ಮ ದೇಶವು ಹೊರಗಿನ ಗಾಳಿಗೆ ಗೊತ್ತುಮಾಡಿದ ದಿನದ ಮಿತಿಯು, ಅತಿಸೂಕ್ಷ್ಮ ಕಣಗಳಿಗೆ, ಕೇವಲ 0.06 ಮಿಲಿಗ್ರಾಂ. ಒಂದು ಎಲ್ಲ ಗಾತ್ರದ ಕಣಗಳ ಲೆಕ್ಕ, ಇನ್ನೊಂದು ಅತಿಸೂಕ್ಷ್ಮ ಕಣಗಳ ಲೆಕ್ಕವಾದುದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೂ ಇವುಗಳ ಅಂತರವೇ ಸಾಕಷ್ಟನ್ನು ಹೇಳುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷವನ್ನು ಮೀರಿದ್ದರು.

ಹೊಗೆ ಕಣ್ಣಿಗೆ ಕಾಣುತ್ತಿರುವಾಗ ಅದನ್ನು ಅಳೆಯುವುದೇಕೆ, ಆ ಹಣದಲ್ಲಿ ಒಲೆಯನ್ನೇ ಕೊಡಬಾರದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಒಲೆಯನ್ನು ಕೊಡುವ ಕೆಲಸವು ನಡೆಯದೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಕೇಂದ್ರವು, ಕಡಿಮೆ ಸೌದೆಯನ್ನು ಬಳಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. 1983ರಲ್ಲಿ ಕೇಂದ್ರ ಸರ್ಕಾರವು ಸುಧಾರಿತ ಒಲೆಗಳ ಕಾರ್ಯಕ್ರಮವನ್ನೂ, 2016ರಲ್ಲಿ ಬಡ ಮಹಿಳೆಯರಿಗೆ ಅಡಿಗೆ ಅನಿಲದ ಸಂಪರ್ಕವನ್ನು ನೀಡುವ ಉಜ್ವಲಾ ಯೋಜನೆಯನ್ನೂ ಆರಂಭಿಸಿತು. ಇವೆಲ್ಲ ಶ್ಲಾಘ್ಯವೇ. ಆದರೆ ಕೊಟ್ಟ ಒಲೆಗಳ ಸಂಖ್ಯೆಯು ಉಳಿದ ಶ್ವಾಸಕೋಶಗಳ ಸಂಖ್ಯೆಯಲ್ಲ. ಒಡಿಶಾದ ಹಳ್ಳಿಗಳಲ್ಲಿ ಹಂಚಿದ ಸುಧಾರಿತ ಒಲೆಗಳನ್ನು ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷಗಳವರೆಗೆ ಗಮನಿಸಿ, ಜನರ ಉಸಿರನ್ನು ಅಳೆದು ನೋಡಿದರು. ಮೊದಲ ವರ್ಷದಲ್ಲಿ ಹೊಗೆಯ ಸೇವನೆ ಕಡಿಮೆಯಾಗಿತ್ತು; ಮುಂದೆ ಆ ಲಾಭ ಉಳಿಯಲಿಲ್ಲ. ಒಲೆಗಳ ದುರಸ್ತಿಯೂ ಬಳಕೆಯೂ ಹಿಂದೆ ಬಿದ್ದಿದ್ದವು. ಅಳೆಯದೆ ಹೋಗಿದ್ದರೆ, ಕೆಲಸ ಕೈಗೂಡಿತೆಂದೇ ಎಲ್ಲರೂ ನಂಬಿರುತ್ತಿದ್ದರು. ಅಳತೆಯ ಪ್ರಯೋಜನವೇ ಇದು: ಅದು ಕಷ್ಟಪಡುವವರ ಮೌನಕ್ಕೆ ಸಾಕ್ಷಿ ನುಡಿಯುತ್ತದೆ, ನೆರವು ನೀಡುವವರ ಭ್ರಮೆಯನ್ನು ಬಿಡಿಸುತ್ತದೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಮೊದಲನೆಯದಾಗಿ, ಒಳಗಿನ ಗಾಳಿಯ ಪರೀಕ್ಷೆಯು ಉಳ್ಳವರು ಕೊಳ್ಳುವ ಸೇವೆಯಾಗಿ ಮಾತ್ರ ಉಳಿಯದೆ, ಕುಡಿಯುವ ನೀರಿನ ಪರೀಕ್ಷೆಯಂತೆ ಸಾರ್ವಜನಿಕ ಕರ್ತವ್ಯವಾಗಬೇಕು. ಅಂಗನವಾಡಿ, ಶಾಲೆ, ಆಸ್ಪತ್ರೆಗಳಿಂದ ಅದು ಆರಂಭವಾಗಲಿ. ಅಲ್ಲಿರುವ ಮಕ್ಕಳಿಗೂ ರೋಗಿಗಳಿಗೂ ಗಾಳಿಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲ. ಎರಡನೆಯದಾಗಿ, ಹೊರಗಿನ ಗಾಳಿಗಿರುವಂತೆ ಒಳಗಿನ ಗಾಳಿಗೂ ಮಿತಿಗಳನ್ನು ಸ್ಪಷ್ಟವಾಗಿ ವಿಧಿಸಬೇಕು. ಮೂರನೆಯದಾಗಿ, ಪರೀಕ್ಷಿಸುವವನು ಮಾರುವವನಾಗಬಾರದು. ಗಾಳಿ ಶುದ್ಧಿ ಮಾಡುವ ಯಂತ್ರವನ್ನು ಮಾರಲು ಬಂದವನೇ ಪರೀಕ್ಷೆಯನ್ನೂ ನಡೆಸಿದರೆ, ಮದ್ದು ಮಾರುವವನೇ ನಾಡಿ ಹಿಡಿದಂತಾಗುತ್ತದೆ. ಕಣಗಳನ್ನು ಸೋಸುವ ಯಂತ್ರವು ಇಂಗಾಲದ ಮಾನಾಕ್ಸೈಡನ್ನಾಗಲಿ ಡೈಆಕ್ಸೈಡನ್ನಾಗಲಿ ತೆಗೆಯಲಾರದು ಎಂಬ ಮಾತನ್ನು ಅವನು ಹೇಳದೆ ಇರಬಹುದು.

ಪರೀಕ್ಷೆಯೇ ಪರಿಹಾರವಲ್ಲ ಎಂಬುದನ್ನೂ ಮರೆಯಲಾಗದು. ಜ್ವರಮಾಪಕವು ಜ್ವರವನ್ನು ಇಳಿಸದು. ಹೊಗೆ ಹುಟ್ಟುವ ಮೂಲವನ್ನು ತೆಗೆಯುವುದು, ಹುಟ್ಟಿದ ಹೊಗೆಗೆ ಹೊರಹೋಗಲು ದಾರಿ ಮಾಡುವುದು—ಇವೆರಡೇ ಮೂಲ ಚಿಕಿತ್ಸೆಗಳು. ನಮ್ಮ ಹಿರಿಯರು ಅಡಿಗೆಮನೆಯ ಮಾಡಿನಲ್ಲಿ ಬೆಳಕಿಂಡಿಯನ್ನೂ ಗೋಡೆಯಲ್ಲಿ ಗವಾಕ್ಷಿಯನ್ನೂ ಇಟ್ಟದ್ದು ಅಲಂಕಾರಕ್ಕಲ್ಲ. ಕಿಟಕಿಯನ್ನು ತೆರೆಯಲು, ಹೊಗೆಕೊಳವೆಯ ಮಸಿಯನ್ನು ತೆಗೆಯಲು, ಎಳೆಯ ಮಗುವನ್ನು ಒಲೆಯ ಬಳಿಯಿಂದ ದೂರ ಮಲಗಿಸಲು ಯಾವ ವರದಿಗೂ ಕಾಯಬೇಕಾಗಿಲ್ಲ. ಬೀದಿಯಲ್ಲಿ ವಾಹನಗಳ ಹೊಗೆ ದಟ್ಟವಾಗಿರುವ ಹೊತ್ತಿನಲ್ಲಿ ಯಾವ ಕಡೆಯ ಕಿಟಕಿಯನ್ನು ತೆರೆಯಬೇಕೆಂಬ ವಿವೇಕವಷ್ಟೇ ಬೇಕು.

ವಿದ್ಯಾರ್ಥಿಗಳಾದ ನೀವು ನಾಳೆ ಮನೆ ಕಟ್ಟುವವರು, ಕಚೇರಿ ನಡೆಸುವವರು, ಊರಿನ ಆಡಳಿತವನ್ನು ವಹಿಸುವವರು. ಕಟ್ಟಡದ ನಕ್ಷೆಯನ್ನು ನೋಡುವಾಗ ಕೊಠಡಿಗಳೆಷ್ಟು ಎಂದು ಕೇಳುವುದರ ಜೊತೆಗೆ ಗಾಳಿಯು ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಎಂದೂ ಕೇಳಿರಿ. ಅನ್ನವನ್ನು ಬಡಿಸುವ ಕೈಗಳ ಒಡತಿಯು ಎಂಥ ಗಾಳಿಯಲ್ಲಿ ನಿಂತು ಅದನ್ನು ಬೇಯಿಸಿದಳು ಎಂದು ವಿಚಾರಿಸದ ಸಮಾಜವು, ಎಷ್ಟು ಎತ್ತರದ ಕಟ್ಟಡಗಳನ್ನು ಕಟ್ಟಿದರೂ ಮುಂದುವರಿದ ಸಮಾಜವೆನಿಸದು.