ತಪ್ಪು ಹುಡುಗನದ್ದಲ್ಲ

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಬ್ಬ ಹುಡುಗ, ಪರದೆಯ ಮೇಲೆ ಚಿತ್ರ ಮೂಡುತ್ತಿದ್ದಂತೆಯೇ ವೆಬ್‌ಕ್ಯಾಮೆರಾದ ತಂತಿಯನ್ನು ಕಿತ್ತುಬಿಟ್ಟ. ಯಂತ್ರ ಸ್ತಬ್ಧವಾಯಿತು. ನಾನು ಗದರಿದೆ. ಆಮೇಲೆ ಓದಿ ನೋಡಿದಾಗ, ಗದರಿದ್ದೇ ತಪ್ಪೆಂದು ಮನವರಿಕೆಯಾಯಿತು. ತಂತಿ ಕಿತ್ತ ಮಾತ್ರಕ್ಕೆ ಯಂತ್ರ ನಿಲ್ಲಕೂಡದು.

ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿರುವುದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ್ದು. ಅದರಲ್ಲಿ ಕ್ಯಾಮೆರಾ, ಮುದ್ರಕ ಮುಂತಾದ ಸಾಧನಗಳನ್ನು ನಡೆಸುವ ಬರಹಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರ್ ತನ್ನ ಕೆಲಸಕ್ಕೆ ಸ್ಮೃತಿಯಲ್ಲಿ ಸ್ಥಳ ಪಡೆದು, ಮುಗಿದ ಮೇಲೆ ಹಿಂದಿರುಗಿಸಬೇಕು. ಸಿ ಭಾಷೆಯಲ್ಲಿ ಈ ಹೊಣೆ ಬರೆದವನದೇ. ತಂತಿ ಕಿತ್ತೊಡನೆ ಡ್ರೈವರ್ ಸ್ಥಳವನ್ನು ಬಿಟ್ಟುಕೊಟ್ಟಿತೆನ್ನಿ. ಚಿತ್ರ ತೋರಿಸುವ ಕ್ರಮವಿಧಿ ಮಾತ್ರ ಹಳೆಯ ವಿಳಾಸವನ್ನೇ ಹಿಡಿದಿರುತ್ತದೆ. ಹಳೆ ಬಾಡಿಗೆದಾರನ ಕೈಯಲ್ಲಿ ಕೀಲಿ ಇರುವಾಗಲೇ ಕೋಣೆಯನ್ನು ಇನ್ನೊಬ್ಬನಿಗೆ ಕೊಟ್ಟಂತೆ! ಪರಿಣಾಮವಾಗಿ ಯಂತ್ರ ನಿಲ್ಲಬಹುದು, ಇಲ್ಲವೇ ದುಷ್ಟರಿಗೆ ಒಳನುಗ್ಗಲು ದಾರಿಯಾಗಬಹುದು.

ಇದಕ್ಕೆ ತೇಪೆಯ ಪರಿಹಾರವೊಂದಿದೆ: ಪ್ರತಿ ಸಲವೂ 'ಸಾಧನ ಇದೆಯೇ?' ಎಂದು ನೋಡುವುದು. ಆದರೆ ನೋಡಿದ್ದಕ್ಕೂ ಬಳಸಿದ್ದಕ್ಕೂ ನಡುವೆ ತಂತಿ ಕೀಳಬಹುದಲ್ಲವೇ? ಸಾಧನದ ಆಯುಷ್ಯ ಬೇರೆ, ಸ್ಮೃತಿಯ ಆಯುಷ್ಯ ಬೇರೆ ಎಂದು ಒಪ್ಪುವುದೇ ನಿಜವಾದ ಪರಿಹಾರ. ಹಿಡಿದವರನ್ನು ಎಣಿಸಬೇಕು, ಬಂದಾಗ ಒಂದು ಕೂಡಿಸಿ, ಹೋದಾಗ ಒಂದು ಕಳೆಯಬೇಕು. ತಂತಿ ಕಿತ್ತಾಗ 'ಸಾಧನವಿಲ್ಲ' ಎಂದು ಗುರುತು ಹಾಕಿ, ಹೊಸ ಬೇಡಿಕೆಗಳನ್ನು ಹಿಂದಕ್ಕೆ ಕಳಿಸಬೇಕು. ಎಣಿಕೆ ಸೊನ್ನೆಯಾದ ಮೇಲೆಯೇ ಸ್ಥಳ ಬಿಡಬೇಕು. ಲಿನಕ್ಸ್‌ನಲ್ಲಿ ಇದಕ್ಕೆಂದೇ 'ಕೆರೆಫ್' ಎಂಬ ಏರ್ಪಾಡು 2004ರಿಂದ ಇದೆ. ಡ್ರೈವರ್ ಕಳಚಿದೊಡನೆ ಎಲ್ಲವನ್ನೂ ತಾನಾಗಿ ಬಿಟ್ಟುಕೊಡುವ 'ಡೆವ್‌ಎಂ' ಎಂಬ ಸುಲಭೋಪಾಯವೂ ಇದೆ. ಬೇರೆಯವರು ಇನ್ನೂ ಹಿಡಿದಿರುವ ಸ್ಥಳಕ್ಕೆ ಅದನ್ನು ಬಳಸಿದರೆ ಸುಲಭವೇ ಕಂಟಕವಾಗುತ್ತದೆ.

ಇಂಥ ದೋಷ ಹಿಡಿಯುವ 'ಕೆಸಾನ್' 2015ರಲ್ಲಿ ಬಂತು. ಆದರೆ ಪರೀಕ್ಷೆಯಲ್ಲಿ ನಡೆದ ದಾರಿಯ ದೋಷವನ್ನಷ್ಟೇ ಅದು ಕಾಣುತ್ತದೆ. ಇಂಥ ಅನೇಕ ತಪ್ಪುಗಳನ್ನು ಮೊದಲೇ ತಡೆಯುವ ರಸ್ಟ್ ಭಾಷೆಗೆ ಡಿಸೆಂಬರ್ 2022ರ 6.1ನೇ ಆವೃತ್ತಿಯಲ್ಲಿ ಪ್ರವೇಶ ದೊರೆಯಿತು. ಆದರೂ ಹಳೆಯ ಸಿ ಡ್ರೈವರ್‌ಗಳು ಅಪಾರ. ಅವನ್ನು ಒಂದೊಂದಾಗಿ ಕುಳಿತು ತಿದ್ದಬೇಕು. ಹೊಸದು ಕಟ್ಟಿದವನಿಗೆ ಚಪ್ಪಾಳೆ, ತಿದ್ದಿದವನಿಗೆ ಮೌನ ಎಂಬ ರೂಢಿ ಅಲ್ಲಿಯೂ ಸಲ್ಲದು.

ಈ ಬರಹವೆಲ್ಲ ಯಾರು ಬೇಕಾದರೂ ಓದಿ ತಿದ್ದಲು ತೆರೆದಿಟ್ಟದ್ದು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಎಟುಕದ ವಿದ್ಯೆ ಎಂಬ ಅಳುಕು ನಮ್ಮ ಮನೆಗಳಲ್ಲಿದೆ. ಕೂಡುವುದು, ಕಳೆಯುವುದು, ಸೊನ್ನೆಗೆ ಕಾಯುವುದು — ಇದರಲ್ಲಿ ಕನ್ನಡದಲ್ಲಿ ಹೇಳಲಾಗದ್ದೇನಿದೆ? ಮರುದಿನ ಆ ಹುಡುಗನನ್ನು ಕರೆದು, ತಪ್ಪು ನಿನ್ನದಲ್ಲವೆಂದು ಹೇಳಿ, ಕರಿಹಲಗೆಯ ಮೇಲೆ ಇದನ್ನೇ ಬರೆದು ತೋರಿಸಿದೆ. 'ಹಾಗಾದರೆ ನಾವೇ ಸರಿಮಾಡಬಹುದೇ ಸರ್?' ಎಂದು ಕೇಳಿದ. ಹೆತ್ತವರೂ ಅಧ್ಯಾಪಕರೂ ಆ ಪ್ರಶ್ನೆಯನ್ನು ಗದರಿ ಅಡಗಿಸದಿರಲಿ.